ಬರೆದಿಟ್ಟವಳ ತಪ್ಪು

ನ್ಯೂರಲ್ ನೆಟ್‌ವರ್ಕ್ ನನ್ನ ತಲೆಯ ಮೇಲೆ ಗೂಬೆ ಕೂರಿಸಿತು. ಅದಕ್ಕೆ ಪಾಠ ಹೇಳಿಕೊಟ್ಟವನು ಶುಕ್ರವಾರದ ಮೀಟಿಂಗಿನಲ್ಲಿ ನನ್ನ ಪಕ್ಕದಲ್ಲೇ ಕೂತು ತುಟಿ ಪಿಟಕ್ಕೆನ್ನಲಿಲ್ಲ. ಯಂತ್ರಕ್ಕೆ ಪಾಠ ಹೇಳುವವನೆಂದು ಆಫೀಸಿನಲ್ಲಿ ಎಲ್ಲರೂ ಅವನನ್ನು ಮೇಷ್ಟ್ರು ಎನ್ನುತ್ತಾರೆ. ಆರು ತಿಂಗಳಿಂದ ನನ್ನ ಜೊತೆ ಕಾಫಿ ಕುಡಿಯುತ್ತಿದ್ದವನು. ಕಪ್ಪಿನ ಅಂಚಿನ ಮೇಲಿಂದ ನನ್ನನ್ನೇ ನೋಡಿ, ಸಿಕ್ಕಿಬಿದ್ದಾಗ ಗೋಡೆಯ ಗಡಿಯಾರ ನೋಡುವವನು.

ನಮ್ಮದು ಆಸ್ಪತ್ರೆಗಳಲ್ಲಿ ಹಾಸಿಗೆ ಹಂಚುವ ಸಾಫ್ಟ್‌ವೇರ್. ಇಬ್ಬರು ನರ್ಸ್‌ಗಳು ಒಂದೇ ಕ್ಷಣಕ್ಕೆ ಬಟನ್ ಒತ್ತಿದರೆ, ನೂರಕ್ಕೊಮ್ಮೆ, ಒಂದೇ ಹಾಸಿಗೆ ಇಬ್ಬರು ರೋಗಿಗಳಿಗೆ ಹೋಗುತ್ತಿತ್ತು. ತಪ್ಪು ಕೋಡಿನ ಯಾವ ಸಾಲಿನಲ್ಲಿದೆಯೆಂದು ಮೇಷ್ಟ್ರ ನೆಟ್‌ವರ್ಕ್ ಪಟ್ಟಿ ಕೊಟ್ಟಿತು. ಮೊದಲ ಹತ್ತೂ ನನ್ನ ಸಾಲುಗಳು. ಮೂರು ವರ್ಷ ನಾನು ಸಾಕಿದ ಕೋಡನ್ನು ಸೋಮವಾರ ಬೇರೆಯವರಿಗೆ ಒಪ್ಪಿಸಬೇಕೆಂದರು ಮ್ಯಾನೇಜರ್. ಮೈಯೆಲ್ಲ ಉರಿದುಹೋಯಿತು.

ನೇರ ಅವನ ಮೇಜಿಗೆ ಹೋಗಿ, ನೆಟ್‌ವರ್ಕಿಗೆ ಏನು ಕಲಿಸಿದ್ದೀಯೆಂದು ಕೇಳಿದೆ. ಕೋಡ್ ಸರಿಯಿದೆಯೇ ಎಂದು ನಾವು ಓಡಿಸುವ ಟೆಸ್ಟುಗಳಲ್ಲಿ ಫೇಲಾದವುಗಳ ದಾಖಲೆ, ಎಂದ. ಒಟ್ಟು ನಲವತ್ತಮೂರು. ಅದರಲ್ಲಿ ನಲವತ್ತು ನನ್ನವು.

"ಯಾಕೆ ಗೊತ್ತಾ? ಟೆಸ್ಟ್ ಫೇಲಾದ್ರೆ ನೀವೆಲ್ಲ ಇನ್ನೊಂದ್ಸಲ ಓಡಿಸ್ತೀರ. ಪಾಸಾದ್ರೆ ಸುಮ್ನಾಗ್ತೀರ. ಫೇಲಾಗಿದ್ದನ್ನ ಬರೆದಿಡೋಳು ನಾನೊಬ್ಳೇ. ಬರೆದಿಟ್ಟಿದ್ದೇ ನನ್ನ ತಪ್ಪು."

ಅವನ ಮುಖ ಇಂಗು ತಿಂದ ಮಂಗನಂತಾಯಿತು. ನನಗೆ ಕನಿಕರ ಬರಲಿಲ್ಲ. ಅವನ ಆ ಉದ್ದನೆಯ ರೆಪ್ಪೆಗಳ ಮೇಲೂ ಸಿಟ್ಟು ಬಂತು.

ಅವನು ಶನಿವಾರ, ಭಾನುವಾರ ಕೂತು ಎಲ್ಲರ ಟೆಸ್ಟುಗಳನ್ನೂ ಸಾವಿರ ಸಾವಿರ ಸಲ ಓಡಿಸಿ, ಫೇಲಾದದ್ದನ್ನು ಒಂದೂ ಬಿಡದೆ ಬರೆದು, ನೆಟ್‌ವರ್ಕಿಗೆ ಮೊದಲಿಂದ ಪಾಠ ಹೇಳಿದನಂತೆ. ಸೋಮವಾರದ ಮೀಟಿಂಗಿನಲ್ಲಿ ಎದ್ದು ನಿಂತ. ಹಾಸಿಗೆ ಖಾಲಿಯಿದೆಯೇ ಎಂದು ನೋಡುವುದಕ್ಕೂ ಅದನ್ನು ಕಾಯ್ದಿರಿಸುವುದಕ್ಕೂ ನಡುವೆ ಇನ್ನೊಬ್ಬರು ನುಗ್ಗಲು ಬಿಡುವ ಸಾಲೊಂದು ಹೊಸ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿತ್ತು. ಎರಡು ವರ್ಷದ ಹಿಂದೆ, ತನ್ನ ಪಾಲಿನ ಕೋಡಿನಲ್ಲಿ, ಅದನ್ನು ಬರೆದವನು ತಾನೇ ಎಂದ. ಟೆಸ್ಟ್ ಫೇಲಾದಾಗಲೆಲ್ಲ ಮತ್ತೆ ಓಡಿಸಿ ಸುಮ್ಮನಾದವನೂ ತಾನೇ ಎಂದ. ಕೋಡ್ ನನ್ನಲ್ಲೇ ಉಳಿಯಿತು.

ಸಿಟ್ಟು ಮಾತ್ರ ಇಳಿಯಲಿಲ್ಲ. ಸಂಜೆ ಮೆಟ್ಟಿಲ ಬಳಿ ಅವನನ್ನು ತಡೆದು, ಶುಕ್ರವಾರ ಬಾಯಿಗೆ ಏನಾಗಿತ್ತು ಎಂದು ಕೇಳಿದೆ.

"ನಿನ್ನ ಪರ ಮಾತಾಡಿದ್ರೆ, ಪ್ರೀತಿಗೋಸ್ಕರ ಮಾತಾಡ್ತಿದ್ದಾನೆ ಅಂದುಬಿಡ್ತಾರೆ ಅಂತ ಹೆದರಿದೆ."

"ಪ್ರೀತಿ ವಿಷಯ ಯಾರಿಗೆ ಗೊತ್ತು?"

"ಎಲ್ಲರಿಗೂ. ನಿನಗೊಬ್ಳಿಗೇ ಹೇಳಿಲ್ಲ."

ಕೆನ್ನೆ ಬಿಸಿಯಾಯಿತು. ಬೇರೆ ಯಾರು ಸುಮ್ಮನಿದ್ದರೂ ನನಗೆ ಇಷ್ಟು ನೋಯುತ್ತಿರಲಿಲ್ಲ.

"ನನಗೂ ನೀನೇ ಬೇಕು," ಎಂದೆ, ಹಲ್ಲು ಕಚ್ಚಿಕೊಂಡೇ. "ಆದ್ರೆ ಈ ಸಿಟ್ಟು ಸುಲಭಕ್ಕೆ ಹೋಗಲ್ಲ. ದಿನಾ ಬೈತೀನಿ."

ಬೈಸಿಕೊಳ್ಳುತ್ತೇನೆ ಎಂದು ಅವನು ಮೆಲ್ಲಗೆ ಕೈ ಚಾಚಿದ. ಆಫೀಸು ಬಿಡುವ ಹೊತ್ತು, ಮೆಟ್ಟಿಲ ತುಂಬ ಜನ. ಹೆದರುಪುಕ್ಕಲ ಎಂದು ಬೈಯುತ್ತಲೇ ಆ ಕೈ ಹಿಡಿದು, ಎಲ್ಲರ ಎದುರಿಗೇ ಇಳಿದುಹೋದೆ.