ಹುಲಿಯಮ್ಮನ ಮಾನ

"ನಮ್ಮಮ್ಮನಿಗೆ ಏನು ಮಾಡಿದೆ?"

ಮೊದಲ ಭೇಟಿಯಲ್ಲೇ ಅವಳು ಅವನ ಕಾಲರ್ ಹಿಡಿದಿದ್ದಳು. ಶರ್ಟ್ ಕಾರ್ಖಾನೆಯಲ್ಲಿ ದಿನವಿಡೀ ಕಾಲರ್ ಹೊಲಿಯುವ ಕೈ, ಹಿಡಿತ ಗಟ್ಟಿಯಾಗಿಯೇ ಇತ್ತು.

ಕಾರ್ಖಾನೆಯ ಮೂಲೆಯಲ್ಲಿ ಕಟ್ಟಿದ್ದ ಪರದೆಯ ಹಿಂದೆ ಅಮ್ಮ ಕಣ್ಣು ಮುಚ್ಚಿ ಬಿದ್ದಿದ್ದಳು. ಹೊಸ ಜ್ವರಕ್ಕೆ ಹೊಸ ಲಸಿಕೆ ಬಂದಿತ್ತು, ಅದನ್ನು ಹಾಕಲು ಬಂದ ನರ್ಸ್ ಇವನು. ಕಾರ್ಖಾನೆಗೆ ಹೊಸ ಮಿಷನ್ ಬಂದರೂ ಮೊದಲ ಹೊಲಿಗೆ ಅಮ್ಮನದೇ. ಅವಳು ತಲೆಯಾಡಿಸಿದ ಮೇಲಷ್ಟೇ ಉಳಿದವರು ಮುಟ್ಟುವುದು. ಲಸಿಕೆಗೂ ಅವಳೇ ಮೊದಲು ಕೂತಿದ್ದಳು. ಮಾಲೀಕನನ್ನೇ ನಿಲ್ಲಿಸಿ ಕೇಳುವ ಅವಳನ್ನು ಎಲ್ಲರೂ ಹುಲಿಯಮ್ಮ ಎನ್ನುತ್ತಿದ್ದರು. ಆ ಹುಲಿಯೇ ಮಗುಚಿ ಬಿದ್ದ ಮೇಲೆ ಕೇಳಬೇಕೆ? ಸಾಲಿನಲ್ಲಿದ್ದ ಹೆಂಗಸರೆಲ್ಲ ಬದುಕಿದೆಯಾ ಬಡಜೀವವೇ ಎಂದು ಓಡಿದರು.

ಅವನು ಸಮಜಾಯಿಷಿ ಕೊಡಲಿಲ್ಲ. "ತಪ್ಪಾಯ್ತು. ಮೊದಲು ಅವರಿಗೆ ನೀರು ಕುಡಿಸಿ," ಎಂದಷ್ಟೇ ಹೇಳಿದ.

ಮರುದಿನದಿಂದ ಅಮ್ಮನನ್ನು ವಿಚಾರಿಸಲು ಮನೆಗೇ ಬರತೊಡಗಿದ. ಮೊದಮೊದಲು ಅವಳು ಬಾಗಿಲಲ್ಲೇ ಉರಿದು ಬೀಳುತ್ತಿದ್ದಳು. ಆಮೇಲೆ ಚಹಾ ಕೊಟ್ಟಳು. ಆಮೇಲೆ ಅವನ ಸೈಕಲ್ಲಿನ ಸದ್ದಿಗೆ ಕಾಯತೊಡಗಿದಳು. ಬೀದಿಯವರೆಲ್ಲ ಅವನನ್ನು ನರ್ಸಣ್ಣ ಎಂದರೆ, ಇವಳು ಮಾತ್ರ ಜಾಣತನದಿಂದ 'ಅಣ್ಣ' ಬಿಟ್ಟು ಕರೆಯುತ್ತಿದ್ದಳು!

"ನಿನ್ನ ಕಂಡ್ರೆ ಇಷ್ಟ. ನಿನ್ನ ಸೂಜಿ ಕಂಡ್ರೆ ಆಗಲ್ಲ," ಎಂದಳು ಒಂದು ದಿನ.

ಅವನು ಅಮ್ಮನ ಮುಖ ನೋಡಿದ. ಅಮ್ಮ ಗೋಡೆಯ ಕಡೆ ತಿರುಗಿದಳು.

ಕಾರ್ಖಾನೆಯಲ್ಲಿ ಯಾರೂ ಲಸಿಕೆ ಹಾಕಿಸಿಕೊಳ್ಳಲಿಲ್ಲ. ಹುಲಿಯಮ್ಮನನ್ನೇ ಕೆಡವಿದ್ದು ನಮ್ಮನ್ನು ಬಿಟ್ಟೀತೇ ಎಂಬುದು ಅವರ ಲೆಕ್ಕ.

ಆ ಹೊಸ ಜ್ವರ ಅಮ್ಮನಿಗೇ ಬಂತು. ವಾರದೊಳಗೆ ಅಮ್ಮ ಹೋಗಿಬಿಟ್ಟಳು...

"ಹಾಕಿಸ್ಕೊಂಡೂ ಸತ್ತಳಲ್ಲ. ಇದೇನಾ ನಿನ್ನ ಔಷಧಿ?" ಎಂದು ಅವಳು ಬಾಗಿಲಲ್ಲೇ ಅವನನ್ನು ತಡೆದಳು.

ಅವನು ಹೊಸ್ತಿಲಲ್ಲೇ ಕೂತ. "ಅಮ್ಮ ಹಾಕಿಸ್ಕೊಳ್ಳಲೇ ಇಲ್ಲ. ಸೂಜಿ ನೋಡಿದ್ದೇ ತಡ, ಹೆದರಿ ಬಿದ್ಬಿಟ್ರು. ನೀನು ಓಡಿ ಬರೋಷ್ಟರಲ್ಲಿ ಎಚ್ಚರ ಆಗಿತ್ತು. ಹೆದರಿದೆ ಅಂತ ಹೇಳ್ಬೇಡಪ್ಪ, ನನ್ನ ಮಾನ ಹೋಗುತ್ತೆ, ಆಮೇಲೆ ಗುಟ್ಟಾಗಿ ಹಾಕಿಸ್ಕೊಳ್ತೀನಿ ಅಂತ ಬೇಡ್ಕೊಂಡು ಮತ್ತೆ ಕಣ್ಣು ಮುಚ್ಕೊಂಡ್ರು. ಅದಕ್ಕೇ ದಿನಾ ಬರ್ತಿದ್ದೆ. ನಾಳೆ, ನಾಳೆ ಅಂತಿದ್ರು."

ಹಾಗಾದರೆ ನನಗಾಗಿ ಬರುತ್ತಿರಲಿಲ್ಲವೇ... ಅಮ್ಮ ಸತ್ತ ಮನೆಯಲ್ಲಿ ಮೊದಲು ಇದೇ ಯೋಚನೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಮಾನ ಉಳಿಸಿದೆ. ಜೀವ?"

ಅವಳು ಬೀದಿಯ ಕಡೆ ಕೈ ತೋರಿದಳು.

"ಹೋಗು."

ಅವಳು ಕೆಲಸಕ್ಕೆ ಮರಳಿದಾಗ ಪಕ್ಕದ ಮಿಷನ್ನಿನ ಬಸುರಿ ಕೈ ಹಿಡಿದುಕೊಂಡಳು. "ಲಸಿಕೆಯಿಂದಲೇ ಹುಲಿಯಮ್ಮ ಹೋದ್ರಂತಲ್ಲ. ಸದ್ಯ, ನಾನು ಹಾಕಿಸ್ಕೊಳ್ಳಲಿಲ್ಲ."

ಸತ್ಯ ಹೇಳಿದರೆ ಅಮ್ಮನ ಹೆಸರು ಹೋಗುತ್ತದೆ. ಹೇಳದಿದ್ದರೆ ಈ ಬಸುರಿ...

ಅವನನ್ನು ಲಸಿಕೆ ಸಮೇತ ಕಾರ್ಖಾನೆಗೆ ಕರೆಸಿದಳು. ಎಲ್ಲರ ಎದುರು ನಿಂತು ಹೇಳಿದಳು: "ನಮ್ಮಮ್ಮ ಲಸಿಕೆಯಿಂದ ಬೀಳಲಿಲ್ಲ. ಹೆದರಿ ಬಿದ್ದಳು. ಹಾಕಿಸ್ಕೊಳ್ಳದೇ ಸತ್ತಳು."

"ಅಯ್ಯೋ, ಹುಲಿಯಮ್ಮ ಇಲಿಯಮ್ಮ ಆಗಿದ್ಲಾ?" ಹಿಂದಿನಿಂದ ಯಾರೋ ನಕ್ಕರು. ಅಮ್ಮನಿಂದ ಕೆಲಸ ಕಲಿತವರೇ ನಕ್ಕರು! ಅವಳು ಹಲ್ಲು ಕಚ್ಚಿ ಕುಳಿತು ತೋಳು ಮೇಲೇರಿಸಿದಳು.

"ಹೆದರಿಕೆನಾ?" ಅವನು ಮೆಲ್ಲಗೆ ಕೇಳಿದ.

"ತುಂಬಾ," ಎಂದಳು ಎಲ್ಲರಿಗೂ ಕೇಳುವಂತೆ.

ಅವನು ಸೂಜಿ ಚುಚ್ಚಿ ಹತ್ತಿ ಒತ್ತಿ ಹಿಡಿದ. ಬಸುರಿ ಬಂದು ಅವಳ ಹಿಂದೆ ನಿಂತಳು. ಇನ್ನೂ ಒಂದಿಬ್ಬರು ಬಂದರು. ಉಳಿದವರು ಮಿಷನ್‌ಗಳಿಗೆ ಮರಳಿದರು.

"ನಿನ್ನನ್ನ ಕ್ಷಮಿಸಿಲ್ಲ," ಎಂದಳು ಅವನಿಗೆ ಮಾತ್ರ ಕೇಳುವಂತೆ.

"ಗೊತ್ತು."

"ಆದ್ರೂ ಸಂಜೆ ಬಾ. ಈ ಸಲ ನನಗೋಸ್ಕರ."

"ಮೊದಲಿಂದಲೂ ಅರ್ಧ ನಿನಗೋಸ್ಕರವೇ ಬರ್ತಿದ್ದೆ."

"ಉಳಿದರ್ಧ ಅಮ್ಮನಿಗೆ ಸಾಲಲಿಲ್ಲ ನೋಡು..." ಎಂದು ಅವಳು ಅತ್ತುಬಿಟ್ಟಳು. ತೋಳಿನ ಮೇಲಿದ್ದ ಅವನ ಕೈಯನ್ನು ಮಾತ್ರ ಸರಿಸಲಿಲ್ಲ.