ಗುಳ್ಳೆ ನಿಂತ ಒಂಬತ್ತನೇ ದಿನ

"ನಮ್ಮ ಯಜಮಾನರು ಗ್ಯಾಸಿಗೆ ಸಾಯೋ ಮನುಷ್ಯ ಅಲ್ಲ."

ಸೋಮವಾರ ಬೆಳಗ್ಗೆ ನಮ್ಮ ಬಾಗಿಲಲ್ಲಿ ನಿಂತು ಮೇಷ್ಟ್ರ ಹೆಂಡತಿ ಆಡಿದ ಮೊದಲ ಮಾತು ಇದು. ಕಣ್ಣು ಒಣಗಿತ್ತು. ಅತ್ತು ಅತ್ತು ಒಣಗಿದ್ದಲ್ಲ, ಇನ್ನೂ ಅಳುವುದಕ್ಕೆ ಪುರಸೊತ್ತೇ ಸಿಕ್ಕಿಲ್ಲವೆಂಬ ಹಾಗಿತ್ತು.

ಅವರು ಬಂದದ್ದು ನನ್ನನ್ನು ನೋಡಲಲ್ಲ, ನಾನು ದರ್ಜಿ. ಬಂದದ್ದು ನನ್ನ ಅತ್ತೆಯನ್ನು ಹುಡುಕಿಕೊಂಡು. ಅತ್ತೆ ಮೂವತ್ತೊಂದು ವರ್ಷ ಕಾರ್ಖಾನೆಗಳ ಸುರಕ್ಷತಾ ಇನ್ಸ್‌ಪೆಕ್ಟರ್ ಆಗಿದ್ದವರು. ಬಾಯ್ಲರು, ತೊಟ್ಟಿ, ಹೊಗೆಗೊಳವೆ ಎಲ್ಲದರೊಳಗೂ ಇಳಿದು, ಸತ್ತವರು ಯಾಕೆ ಸತ್ತರೆಂದು ಬರೆದವರು. ನಿವೃತ್ತಿಯಾಗಿ ಮಗಳ ಮನೆಗೆ ಬಂದ ಮೇಲೂ ಆ ಚಾಳಿ ಬಿಡಲಿಲ್ಲ. ಬೇರೆ ಅಳಿಯಂದಿರು ಅತ್ತೆಯ ಕಣ್ಣು ತಪ್ಪಿಸಿ ಓಡಾಡಿದರೆ, ನಾನು ಟಾರ್ಚ್ ಹಿಡಿದು ಅವರ ಹಿಂದೆಯೇ ಓಡುತ್ತಿದ್ದೆ.

"ಕೂತ್ಕೊಳಿ. ಮೊದಲಿಂದ ಹೇಳಿ," ಎಂದರು ಅತ್ತೆ.

ಅವರ ಗಂಡ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಪ್ರತಿವರ್ಷ ಮನೆಯ ನೆಲಮಾಳಿಗೆಯಲ್ಲಿ ಹಸಿರು ದ್ರಾಕ್ಷಿಯಿಂದ ಬಿಳಿ ವೈನ್ ಮಾಡುತ್ತಿದ್ದರು. ಭಾನುವಾರ ಹೆಂಡತಿ ತಂಗಿಯ ಮನೆಗೆ ಹೋಗಿದ್ದಾಗ ಮೇಷ್ಟ್ರು ಆ ನೆಲಮಾಳಿಗೆಯಲ್ಲೇ ಸತ್ತಿದ್ದರು. ಮೊದಲು ನೋಡಿದವರು ಮನೆಯ ಮುಂಭಾಗವನ್ನು ಬಾಡಿಗೆಗೆ ಪಡೆದು ಕ್ಲಿನಿಕ್ ಇಟ್ಟಿದ್ದ ಹಲ್ಲಿನ ಡಾಕ್ಟರು. ಉಸಿರುಕಟ್ಟಿ ಸಾವು ಎಂದು ಆಸ್ಪತ್ರೆಯವರು ಬರೆದರು. ದ್ರಾಕ್ಷಿರಸ ಹುದುಗುವಾಗ ಏಳುವ ಗ್ಯಾಸ್ ನೆಲಮಾಳಿಗೆಯಲ್ಲಿ ತುಂಬಿಕೊಂಡಿತ್ತು ಎಂದು ಪೊಲೀಸರು ಬರೆದರು.

"ಮೂವತ್ತು ವರ್ಷ ಮೇಣದಬತ್ತಿ ಹಚ್ಚಿಕೊಂಡೇ ಕೆಳಗೆ ಇಳಿದೋರು, ಗ್ಯಾಸಿದ್ರೆ ಬತ್ತಿ ಆರಿಹೋಗುತ್ತೆ ಅಂತ," ಎಂದರು ಹೆಂಡತಿ. "ಈಗ ಬೀದಿಯವರೆಲ್ಲ ನನ್ನ ಮೈದುನನ ಕಡೆ ನೋಡ್ತಿದ್ದಾರೆ. ಅಣ್ಣ ತಮ್ಮ ವಾರದಿಂದ ಕಿತ್ತಾಡಿದ್ರಲ್ಲ, ಅದಕ್ಕೆ."

"ಯಾವುದಕ್ಕೆ ಕಿತ್ತಾಟ?"

"ಓಕ್ ಹಾಕೋದಾ ಬೇಡವಾ ಅಂತ."

ಅತ್ತೆ ನನ್ನ ಮುಖ ನೋಡಿದರು. ನನಗೂ ತಿಳಿಯಲಿಲ್ಲ.

"ಓಕ್ ಮರದ ಚೂರು. ಹದವಾಗಿ ಸುಟ್ಟು ವೈನಿನಲ್ಲಿ ನೆನೆಸ್ತಾರೆ, ಪೀಪಾಯಿಯಲ್ಲಿ ಇಟ್ಟ ಹಾಗೆ ಘಮ ಬರುತ್ತೆ. ಮೈದುನ ಬಡಗಿ. ಚೂರು ತಂದುಕೊಟ್ಟು 'ಹಾಕು' ಅಂತ ಹಟ ಹಿಡಿದ. ಇವರು 'ನೋಡೋಣ' ಅಂತ ಎಳೀತಾ ಇದ್ರು."

*

ನೆಲಮಾಳಿಗೆಗೆ ಹನ್ನೊಂದು ಮೆಟ್ಟಿಲು. ಕೆಳಗೆ ಒಂದು ಉದ್ದ ಮೇಜು, ದಿಂಬು ಹಾಕಿದ ಕುರ್ಚಿ, ಮೂರು ದೊಡ್ಡ ಗಾಜಿನ ಜಾಡಿ. ಪ್ರತಿ ಜಾಡಿಯ ಬಾಯಿಗೆ ನೀರು ತುಂಬಿದ ಬಾಗಿದ ನಳಿಕೆ ಸಿಕ್ಕಿಸಿತ್ತು. ಒಳಗಿನ ಗ್ಯಾಸ್ ಆ ನೀರಿನಲ್ಲಿ ಗುಳ್ಳೆಯಾಗಿ ಹೊರಬರುತ್ತದೆ, ಹೊರಗಿನ ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಮೊದಲ ಜಾಡಿಯಲ್ಲಿ ಬರೀ ವೈನ್, ಎರಡನೆಯದರಲ್ಲಿ ಒಂದು ಹಿಡಿ ಮರದ ಚೂರು, ಮೂರನೆಯದರಲ್ಲಿ ಮೂರು ಹಿಡಿ.

ಅತ್ತೆ ಕುರ್ಚಿ ಎಳೆದುಕೊಂಡು ನಳಿಕೆಗಳನ್ನೇ ನೋಡುತ್ತ ಕುಳಿತರು. ಗಡಿಯಾರದಲ್ಲಿ ಹತ್ತು ನಿಮಿಷ ಕಳೆಯಿತು, ಒಂದು ಗುಳ್ಳೆಯೂ ಏಳಲಿಲ್ಲ. ನಾನು ಆಕಳಿಸಿದೆ.

"ಆಕಳಿಸ್ತೀರಾ, ಅಳಿಯಂದ್ರೇ? ನಾನು ಮೂರು ಜಾಡಿ ವೈನು ಉಸಿರಾಡ್ತಾ ಇದೆಯಾ ಅಂತ ನೋಡ್ತಿದೀನಿ."

ಮೇಜಿನ ಮೇಲೆ ಮೂರು ಗ್ಲಾಸುಗಳನ್ನು ತೊಳೆದು ಬೋರಲು ಹಾಕಿತ್ತು. ತಳಕ್ಕೆ ಒಂದು, ಎರಡು, ಮೂರು ಎಂದು ಚೀಟಿ ಅಂಟಿಸಿತ್ತು. ಅತ್ತೆ ಒಂದನ್ನು ಮೂಸಿ ನನ್ನ ಮೂಗಿಗೂ ಹಿಡಿದರು. ಸೋಪಿನ ವಾಸನೆ ಹೊಡೆಯಿತು.

"ಸೋಪಾ?" ಮೇಷ್ಟ್ರ ಹೆಂಡತಿ ಬೆಚ್ಚಿದರು. "ಈ ಗ್ಲಾಸಿಗೆ ಸೋಪು ಮುಟ್ಟಿಸಿದ್ರೆ ನನ್ನ ಮೇಲೆ ಹಾರಾಡ್ತಿದ್ರು. ಬರೀ ಬಿಸಿನೀರು."

ಪಕ್ಕದಲ್ಲಿ ಮೇಷ್ಟ್ರ ನೋಟ್‌ಬುಕ್ ತೆರೆದಿತ್ತು. ಹನ್ನೊಂದನೇ ದಿನದ ಕೆಳಗೆ 'ಗುಳ್ಳೆ ನಿಂತಿತು' ಎಂದಿತ್ತು. ಅಲ್ಲಿಂದ ಮುಂದೆ ಪ್ರತಿದಿನವೂ ರಸದ ಸಾಂದ್ರತೆ ಅಳೆದಿದ್ದರು, ಅಂಕಿ ಒಂಚೂರೂ ಕದಲಿರಲಿಲ್ಲ. ಭಾನುವಾರ ಇಪ್ಪತ್ತನೇ ದಿನ. ಅಲ್ಲಿ ಹೀಗಿತ್ತು:

'ಮೂರು: ಮರ ಮುಂದೆ, ದ್ರಾಕ್ಷಿ ಹಿಂದೆ. ಎರಡು: ಚೆನ್ನಾಗಿದೆ, ಆದರೆ ಏನೋ ಮುಚ್ಚಿಟ್ಟ ಹಾಗೆ. ಒಂದು: ಇದೇ ಸರಿ. ಓಕ್ ಬೇ'

ಕೊನೆಯ ಸಾಲಿನ ಅಕ್ಷರಗಳು ಗೆರೆ ಬಿಟ್ಟು ಕೆಳಗೆ ಜಾರಿದ್ದವು. 'ಬೇಡ' ಎಂಬುದು ಅರ್ಧಕ್ಕೇ ನಿಂತಿತ್ತು.

"ರುಚಿ ನೋಡುವಾಗ ಗ್ಲಾಸುಗಳನ್ನ ಅದಲುಬದಲು ಮಾಡಿ ಕೊಡೋರು ಯಾರು?" ಎಂದು ಅತ್ತೆ ಕೇಳಿದರು.

"ಪ್ರತಿವರ್ಷ ನಾನೇ. ಯಾವುದು ಯಾವುದು ಅಂತ ಅವರಿಗೆ ಗೊತ್ತಾಗಬಾರದಲ್ಲ. ಮೊದಲ ಗುಟುಕು ಉಗೀತಾರೆ, ಎರಡನೇದು ಕುಡೀತಾರೆ. ಆಮೇಲೆ ತಳ ತಿರುಗಿಸಿ ನಂಬರ್ ನೋಡಿ ಬರೀತಾರೆ."

ಅತ್ತೆ ಬಗ್ಗಿ ಮೇಜಿನಡಿಯಿಂದ ಮುಚ್ಚಳವಿದ್ದ ಪುಟ್ಟ ಬಕೆಟ್ಟನ್ನು ಎಳೆದರು. ತಳದಲ್ಲಿ ಅಂಗೈ ತುಂಬುವಷ್ಟು ಉಗಿದ ವೈನ್ ಇತ್ತು. ಮುಚ್ಚಳ ಹಾಕಿ, ಪರೀಕ್ಷೆ ಮಾಡಿಸಲು ಪೊಲೀಸ್ ಇನ್ಸ್‌ಪೆಕ್ಟರಿಗೆ ಕೊಡುವಂತೆ ನನ್ನ ಕೈಗಿಟ್ಟರು.

ಅಷ್ಟರಲ್ಲಿ ತಲೆಯ ಮೇಲೆ ಯಾರೋ ಮಾತಾಡಿದರು. "ಬಾಯಿ ದೊಡ್ಡದಾಗಿ ತೆಗೀರಿ. ನೋವಾದ್ರೆ ಕೈ ಎತ್ತಿ." ನಮ್ಮ ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟ. ನೀರಿನ ಪೈಪು ಹಾದುಹೋಗಲು ಸೂರಿನಲ್ಲಿ ಕೊರೆದ ತೂತಿನಿಂದ ಬರುತ್ತಿತ್ತು. ಮೇಲಿನದು ಹಲ್ಲಿನ ಡಾಕ್ಟರ ಕೋಣೆ.

"ಇಲ್ಲಿನ ಸದ್ದೂ ಮೇಲೆ ಹೋಗುತ್ತೆ," ಎಂದರು ಮೇಷ್ಟ್ರ ಹೆಂಡತಿ. "ಗುಳುಗುಳು ಕೇಳಿ ಪೇಷಂಟುಗಳು ನಗ್ತಿದ್ರು. ಈಗ ಯಾರೂ ನಗಲ್ಲ. ಎರಡು ತಿಂಗಳ ಹಿಂದೆ ಒಂದು ಹೆಣ್ಣುಮಗು, ಒಂಬತ್ತು ವರ್ಷ, ಹಲ್ಲು ಕೀಳಿಸೋಕೆ ಬಂದದ್ದು ಆ ಕುರ್ಚಿಯಿಂದ ಏಳಲೇ ಇಲ್ಲ. ಎದೆ ವೀಕು ಅಂತ ಮೊದಲೇ ಹೇಳಿದ್ದೆ ಅಂತಾಳೆ ತಾಯಿ. ಯಾರೂ ಹೇಳಲಿಲ್ಲ ಅಂತಾರೆ ಡಾಕ್ಟರು. ಶುಕ್ರವಾರ ವಿಚಾರಣೆ ಇದೆ. ಅವತ್ತಿಂದ ನಮ್ಮವರಿಗೆ ನಿದ್ದೆ ಇರಲಿಲ್ಲ. 'ನಾನು ಕೆಳಗೇ ಇದ್ದೆ ಕಣೇ' ಅಂತಿದ್ರು. ಸಂಕಟಕ್ಕೆ ಹಾಗಂತಾರೆ ಅಂದ್ಕೊಂಡೆ."

ಅತ್ತೆ ಸೂರಿನ ತೂತನ್ನು ಒಮ್ಮೆ ನೋಡಿದರು. ಮೆಟ್ಟಿಲೇರಿ ಡಾಕ್ಟರನ್ನು ಕಂಡರು. ಮೂವತ್ತೈದರ ಆಸುಪಾಸಿನ, ಮೃದು ಮಾತಿನ ಮನುಷ್ಯ.

"ಹತ್ತು ದಿನ ತರಬೇತಿಗೆ ಹೋಗಿದ್ದೆ, ಶನಿವಾರ ಸಂಜೆ ಬಂದೆ," ಎಂದರು. "ಭಾನುವಾರ ನಾಲ್ಕು ಗಂಟೆಗೆ ಮೇಷ್ಟ್ರನ್ನ ಮಾತಾಡಿಸೋಣ ಅಂತ ಬಾಗಿಲು ತೆಗೆದ್ರೆ ಮುಖಕ್ಕೆ ಹೊಡೆದ ಹಾಗೆ ಗ್ಯಾಸು. ಜಾಡಿಗಳು ಗುಳುಗುಳು ಅಂತಿದ್ವು. ಕರವಸ್ತ್ರ ಕಟ್ಟಿಕೊಂಡು ಎಳೆದು ತಂದೆ. ಆಗಲೇ ಹೋಗಿಬಿಟ್ಟಿದ್ರು. ನನಗೆ ತಂದೆ ಸಮಾನ."

ನನಗೆ ಅಯ್ಯೋ ಅನ್ನಿಸಿತು.

ಅಲ್ಲಿಂದ ಬಡಗಿಯ ಅಂಗಡಿಗೆ ಹೋದೆವು. ಆತ ಕೆಲಸ ನಿಲ್ಲಿಸಿ ಹಲಗೆಯ ರಾಶಿಯ ಮೇಲೆ ಕೂತಿದ್ದ. ಭಾನುವಾರ ಬೆಳಗ್ಗಿನಿಂದ ಸಂಜೆಯ ತನಕ ಒಬ್ಬ ವಕೀಲರ ಮನೆಯಲ್ಲಿ ಬೀರು ಜೋಡಿಸುತ್ತಿದ್ದನೆಂದು ಹೇಳಿದ. ವಕೀಲರೂ ಹೌದೆಂದರು.

"ಓಕ್ ಹಾಕಿದ್ರೆ ಸಣ್ಣಪುಟ್ಟ ಐಬು ಮುಚ್ಚಿಹೋಗುತ್ತೆ ಅಂದೆ," ಎಂದ ಬಡಗಿ. "ಅಣ್ಣ ನನ್ನನ್ನೇ ದುರುಗುಟ್ಟಿ ನೋಡಿದ. 'ಐಬಿದ್ರೆ ಗೊತ್ತಾಗಲಿ ಬಿಡೋ' ಅಂದ. ಅದೇ ನಮ್ಮ ಕೊನೇ ಮಾತು."

*

ಬುಧವಾರ ಮಧ್ಯಾಹ್ನ ಅತ್ತೆ ಎಲ್ಲರನ್ನೂ ನೆಲಮಾಳಿಗೆಗೆ ಕರೆಸಿದರು. ಮೇಷ್ಟ್ರ ಹೆಂಡತಿ, ಬಡಗಿ, ಹಲ್ಲಿನ ಡಾಕ್ಟರು, ಇನ್ಸ್‌ಪೆಕ್ಟರು. ಇನ್ಸ್‌ಪೆಕ್ಟರ ಕೈಯಲ್ಲಿ ಒಂದು ಲಕೋಟೆ ಇತ್ತು.

"ಇದು ಆಕಸ್ಮಿಕ ಅಲ್ಲ," ಎಂದು ಅತ್ತೆ ಶುರುಮಾಡಿದರು. "ಹುದುಗೋ ತೊಟ್ಟಿಯಲ್ಲಿ ಜನ ಸಾಯೋದು ನಿಜ. ನಾನೇ ಏಳು ಜನರ ವರದಿ ಬರೆದಿದ್ದೀನಿ. ಆದರೆ ಮೇಷ್ಟ್ರು ಓಕ್ ಹಾಕೋದಾ ಬೇಡವಾ ಅಂತ ರುಚಿ ನೋಡ್ತಿದ್ರು. ಆ ಪ್ರಶ್ನೆ ಈ ಮನೆಯಲ್ಲಿ ಏಳೋದು ಯಾವಾಗ?"

"ಹುದುಗೋದು ಪೂರ್ತಿ ಮುಗಿದ ಮೇಲೆ," ಎಂದ ಬಡಗಿ.

"ಸರಿ. ಗುಳ್ಳೆ ನಿಂತು ಒಂಬತ್ತು ದಿನ ಆಗಿತ್ತು. ಒಂಬತ್ತು ದಿನವೂ ಮೇಷ್ಟ್ರು ಇಳಿದು ಅಳತೆ ತಗೊಂಡು ಹತ್ತಿ ಹೋಗಿದ್ದಾರೆ. ಕೊಲ್ಲುವಷ್ಟು ಗ್ಯಾಸು ಇಲ್ಲಿರಲಿಲ್ಲ. ಹಾಗಾದ್ರೆ ಉಸಿರುಕಟ್ಟಿದ್ದು ಹೇಗೆ? ಯಾರೋ ಕಟ್ಟಿಸಿದ್ರು."

ಅತ್ತೆ ಮೇಜಿನಿಂದ ಒಂದು ಗ್ಲಾಸು ಎತ್ತಿಕೊಂಡರು.

"ಎರಡನೇದು. ಗ್ಲಾಸು ಸೋಪಿನಲ್ಲಿ ತೊಳೆದಿತ್ತು. ಮೇಷ್ಟ್ರು ಸೋಪು ಮುಟ್ಟಿಸೋರಲ್ಲ. ಬರೀತಾ ಬರೀತಾ ಕೈ ಜಾರಿದ ಮನುಷ್ಯ ಎದ್ದು ಗ್ಲಾಸು ತೊಳೆದು ಬೋರಲು ಹಾಕಿದ್ದಾದ್ರೂ ಹೇಗೆ? ಮೂರನೇದು, ಅವರು ರುಚಿ ನೋಡಿದ ಕ್ರಮ. ಮೂರು, ಎರಡು, ಒಂದು. ಒಬ್ಬರೇ ಸುರಿದುಕೊಂಡಿದ್ರೆ ಒಂದರಿಂದ ಶುರುಮಾಡ್ತಿದ್ರು. ಅದಲುಬದಲು ಮಾಡಿ ಕೊಡೋಕೆ ಒಬ್ಬರು ಜೊತೆಗಿದ್ರು. ಹೆಂಡತಿ ಊರಲ್ಲಿರಲಿಲ್ಲ. ತಮ್ಮ ವಕೀಲರ ಮನೇಲಿದ್ದ. ಅಲ್ಲದೆ ತಮ್ಮನಿಗೆ ವೈನಿನ ಕೆಲಸ ಗೊತ್ತು. ಗುಳ್ಳೆ ನಿಂತ ಜಾಡಿ ಮುಂದೆ ಗ್ಯಾಸಿನ ಕತೆ ಕಟ್ಟುವಷ್ಟು ದಡ್ಡನಲ್ಲ."

ಅತ್ತೆ ಡಾಕ್ಟರ ಕಡೆ ತಿರುಗಿದರು.

"ಜಾಡಿ ಗುಳುಗುಳು ಅಂತಿತ್ತು ಅಂದ್ರಿ. ಅದು ನೀವು ತರಬೇತಿಗೆ ಹೋಗೋಕೆ ಮುಂಚೆ ಮೇಲಿನ ಕೋಣೆಯಲ್ಲಿ ಕೇಳಿದ ಸದ್ದು. ನಿಂತದ್ದು ನಿಮಗೆ ಗೊತ್ತಿರಲಿಲ್ಲ, ಊರಲ್ಲಿರಲಿಲ್ಲವಲ್ಲ. ಭಾನುವಾರ ಈ ಕೋಣೆಯಲ್ಲಿ ನಿಮ್ಮ ಗಮನ ಬೇರೆ ಕಡೆ ಇತ್ತು."

"ಗಾಬರೀಲಿ ಏನೋ ಕೇಳಿದ ಹಾಗಾಗಿರಬಹುದು," ಎಂದರು ಡಾಕ್ಟರು. "ಅಷ್ಟಕ್ಕೇ ಕೊಲೆಗಾರ ಅಂತೀರಾ?"

"ಅಷ್ಟಕ್ಕೇ ಅನ್ನಲ್ಲ. ನೀವು ಗ್ಲಾಸು ತೊಳೆದ್ರಿ. ಬಕೆಟ್ಟು ಮರೆತ್ರಿ. ದಿನಾ ಹತ್ತು ಜನರ ಕೈಲಿ ಉಗಿಸೋರು, ಮೇಷ್ಟ್ರು ಉಗಿದದ್ದು ಎಲ್ಲಿ ಹೋಯ್ತು ಅಂತ ನಿಮಗೆ ಹೊಳೀಲಿಲ್ಲ."

ಇನ್ಸ್‌ಪೆಕ್ಟರು ಲಕೋಟೆ ಒಡೆದು ಓದಿದರು. ಬಕೆಟ್ಟಿನ ವೈನಿನಲ್ಲಿ ಮಂಪರು ಬರಿಸುವ ಔಷಧವಿತ್ತು. ಹೆದರುವ ರೋಗಿಗಳಿಗೆ ಕೊಡುವಂಥದ್ದು. ಡಾಕ್ಟರ ಬೀರುವಿನಲ್ಲಿದ್ದ ಅದೇ ಔಷಧದ ಶೀಶೆ ಅರ್ಧಕ್ಕಿಂತ ಕೆಳಗಿಳಿದಿತ್ತು.

"ಯಾಕೆ ಅನ್ನೋದು ಆ ತೂತಿನಲ್ಲಿದೆ," ಅತ್ತೆ ಸೂರಿನ ಕಡೆ ಕೈ ತೋರಿಸಿದರು. "ಆ ಮಗು ಸತ್ತ ದಿನ ಮೇಷ್ಟ್ರು ಇಲ್ಲೇ ಇದ್ರು. ತಾಯಿ ಏನು ಹೇಳಿದಳು, ನೀವು ಏನಂದ್ರಿ, ಎರಡೂ ಅವರ ಕಿವಿಗೆ ಬಿತ್ತು. ನಿಮ್ಮನ್ನ ಮಗನ ಹಾಗೆ ನೋಡ್ಕೊಂಡಿದ್ರು. ಅದಕ್ಕೇ ಎರಡು ತಿಂಗಳು ಒದ್ದಾಡಿದ್ರು."

ಡಾಕ್ಟರು ಮೆಟ್ಟಿಲ ಮೇಲೆ ಕುಳಿತರು. ಯಾರ ಮುಖವನ್ನೂ ನೋಡದೆ ಮಾತಾಡಿದರು.

"ಶನಿವಾರ ಬ್ಯಾಗು ಕೆಳಗಿಡೋಕೂ ಬಿಡಲಿಲ್ಲ. 'ಆ ತಾಯಿ ಹೇಳಿದ್ದು ನನಗೆ ಕೇಳಿಸಿತು, ಶುಕ್ರವಾರ ನಾನು ಸಾಕ್ಷಿ ಹೇಳ್ತೀನಿ. ಅದಕ್ಕೆ ಮುಂಚೆ ನೀನೇ ಹೋಗಿ ಹೇಳಿದ್ರೆ ನನಗೆ ಸಂತೋಷ. ನಾಳೆ ಬಾ, ಕೂತು ಮಾತಾಡೋಣ. ಗ್ಲಾಸು ಅದಲುಬದಲು ಮಾಡೋಕೂ ಒಬ್ಬರು ಬೇಕು' ಅಂದ್ರು."

"ಮಂಪರು ಬಂದ ಮೇಲೆ?" ಎಂದರು ಇನ್ಸ್‌ಪೆಕ್ಟರು.

ಡಾಕ್ಟರು ಕುರ್ಚಿಯ ಮೇಲಿದ್ದ ದಿಂಬಿನ ಕಡೆ ನೋಡಿದರು. ಮೇಷ್ಟ್ರ ಹೆಂಡತಿ ಹೋಗಿ ಆ ದಿಂಬನ್ನು ಎತ್ತಿಕೊಂಡರು. ಅದರ ಕಸೂತಿ ಅವರದೇ. ಆಗ ಅವರಿಗೆ ಅಳು ಬಂತು. ಬಡಗಿ ಅತ್ತಿಗೆಯ ಪಕ್ಕದಲ್ಲಿ ನಿಂತ. ಏನು ಮಾಡಬೇಕೆಂದು ತೋಚದೆ ಅವರ ಸೆರಗಿಗೆ ಅಂಟಿದ್ದ ಧೂಳನ್ನು ಕೊಡವುತ್ತಿದ್ದ.

*

ಅವತ್ತು ಸಂಜೆ ಅತ್ತೆ ಮನೆಗೆ ಹೋಗದೆ ಬೇರೆ ದಾರಿ ಹಿಡಿದರು. ಆ ಮಗುವಿನ ತಾಯಿ ಒಂದು ಇಸ್ತ್ರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ನಾವು ಹೋದಾಗ ಯಾರದೋ ಶರಟಿನ ಕಾಲರ್ ಒತ್ತುತ್ತಿದ್ದಳು. ಅತ್ತೆ ಎಲ್ಲವನ್ನೂ ನಿಂತುಕೊಂಡೇ ಹೇಳಿದರು. ಆಕೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು.

"ಡಾಕ್ಟರು ಅಷ್ಟು ಖಂಡಿತವಾಗಿ ಇಲ್ಲ ಅಂದ್ರು," ಎಂದಳು. "ಕೇಳಿ ಕೇಳಿ ನನಗೇ ಅನುಮಾನ ಬಂದುಬಿಟ್ಟಿತ್ತು. ಹೇಳಿದ್ದೀನಿ ಅಂತ ಅಂದ್ಕೊಂಡು ಸುಮ್ಮನೆ ಕೂತಿದ್ನೇನೋ ಅಂತ. ಎರಡು ತಿಂಗಳಿಂದ ಅದೇ ಯೋಚನೆ. ನಿಜವಾಗ್ಲೂ ಮೇಷ್ಟ್ರಿಗೆ ಕೇಳಿಸಿತ್ತಾ, ಅಮ್ಮ?"

"ಕೇಳಿಸಿತ್ತು," ಎಂದರು ಅತ್ತೆ. "ಒಂದೊಂದು ಮಾತೂ."

ಆಕೆ ಎರಡು ಕೈಯನ್ನೂ ಮೇಜಿಗೆ ಊರಿ ತಲೆ ತಗ್ಗಿಸಿದಳು.

"ಹಾಗಾದ್ರೆ ನಾನು ಹೇಳಿದ್ದೆ," ಎಂದಳು. "ಹೇಳಿದ್ದೆ."