ಚಲೋ ಅನ್ನಬಾರದ ನೀರು

“ಅಕ್ಕಾರ, ತಂಪೈತಿ ಅನ್ರಿ. ತಿಳಿ ಐತಿ ಅನ್ರಿ. ಚಲೋ ಐತಿ ಅಂತ ಮಾತ್ರ ಅನಬ್ಯಾಡ್ರಿ.”

ಬೋರವ್ವ ಕೈಮುಗಿದು ಹೀಗೆ ಹೇಳಿದಾಗ ಶೈಲಶ್ರೀಗೆ ನಗು ತಡೆಯಲಾಗಲಿಲ್ಲ. ವಿಜಯಪುರದ ಜಲನಗರದಲ್ಲಿ ಸ್ಕೂಟಿ ಹತ್ತಿ, ತಿಕೋಟಾ ದಾಟಿ, ಬಿಜ್ಜರಗಿಯಿಂದಾಚೆ ದ್ರಾಕ್ಷಿ ತೋಟಗಳ ನಡುವಿನ ಹಾಳು ದಾರಿಯಲ್ಲಿ ಸೊಂಟ ಮುರಿದುಕೊಂಡು ಈ ಗೊಲ್ಲಾಳಪ್ಪನ ವಸ್ತಿಗೆ ಅವಳು ಬಂದದ್ದೇ ಆ ಒಂದು ಮಾತು ಹೇಳಲಿಕ್ಕೆ. ನೀರು ಪರೀಕ್ಷೆ ಮಾಡುವುದು ಅವಳ ನೌಕರಿ. ಅದನ್ನೇ ಹೇಳಬೇಡ ಅಂದರೆ ಇನ್ನೇನು, ಹಾಡು ಹೇಳಬೇಕೇ?

ವಸ್ತಿಯ ಜನ ಕುಡಿಯುತ್ತಿದ್ದುದು ಹಳೆಯ ಕೈಪಂಪಿನ ನೀರು. ಅದರ ತುಂಬ ಫ್ಲೋರೈಡು. ಮಕ್ಕಳ ಹಲ್ಲೆಲ್ಲ ಕಂದು, ಹಿರಿಯರ ಬೆನ್ನೆಲ್ಲ ಸೆಟೆದು ಬಗ್ಗದಂತಾಗಿದ್ದವು. ಬೋರವ್ವನ ಮೊಮ್ಮಗಳು ಕಸ್ತೂರಿಯಂತೂ ಇನ್ನೂ ಚಿಕ್ಕ ಹುಡುಗಿ. ಆಗಲೇ ಮೊಣಕಾಲುಗಳು ಒಳಕ್ಕೆ ಬಾಗಿ ನಡೆಯುವಾಗ ಒಂದಕ್ಕೊಂದು ತಿಕ್ಕುತ್ತಿದ್ದವು. ಹೊಸ ಕೊಳವೆಬಾವಿ ಕೊರೆದು, ಟಾಕಿ ಕಟ್ಟಿ, ನಳ ಕೂಡಿಸಿ ಎಷ್ಟೋ ತಿಂಗಳಾಗಿತ್ತು. ಆ ನೀರನ್ನು ಆಡುಗಳು ಕುಡಿಯುತ್ತಿದ್ದವು. ಆಡು ಕಾಯುವವರು ಕುಡಿಯುತ್ತಿರಲಿಲ್ಲ!

“ಯಾಕ ಅನಬಾರದು ಆಯಿ?”

ಬೋರವ್ವ ಸುತ್ತ ನೋಡಿ ದನಿ ಇಳಿಸಿದಳು. “ಹಿಂದ ಒಬ್ಬ ಸಾಹೇಬ ಬಂದು, ಹಳೇ ಸೇದೂ ಬಾವಿಗೆ ಇಣುಕಿ ಸೈತ ನೋಡದ, ಚಲೋ ಐತಿ ಕುಡೀರಿ ಅಂದ. ಹುಚ್ಚವ್ವನ ಮಗಳು ಕುಡದಳು. ವಾಂತಿ-ಭೇದಿ ಹತ್ತಿ ಹ್ವಾದಳು. ಹುಚ್ಚವ್ವ ಮಗಳ ಕೂದಲಾ, ಮೊಳಿ ಬಡದ ನಿಂಬಿಹಣ್ಣು ಕೂಡಿಸಿ ಕಟ್ಟಿ ಆ ಬಾವ್ಯಾಗ ಒಗದಳು. ಈ ವಸ್ತ್ಯಾಗ ನಿಂತು ಯಾರು ಸುಳ್ಳ ಚಲೋ ಅಂತಾರೋ ಅವರ ಬಾಯಾಗ ನೀರು ನೀರಾಗಿ ಉಳೀಬಾರದು ಅಂದಳು. ಆಮ್ಯಾಲ ತಾನೂ ಒಂದು ಹನಿ ಮುಟ್ಟಲಿಲ್ಲ. ಒಣಗಿ ಒಣಗಿ ಸತ್ತಳು.”

ಬೇವಿನ ಮರದ ಬುಡದಲ್ಲಿ ಕಲ್ಲು ಮುಚ್ಚಿದ ಇನ್ನೊಂದು ಕೊಳವೆಬಾವಿ ಇತ್ತು. ಬೋರವ್ವ ಅದರ ಕಡೆ ಕೈ ಮಾಡಿದಳು. “ಅದು ಆಮ್ಯಾಲ ಕೊರದದ್ದು. ಅದನ್ನ ಚಲೋ ಅಂದಿದ್ದ ಯಲಗೂರಪ್ಪ ಸಾಹೇಬಗೂ ಹಿಡದಿತ್ರಿ. ತಾನ ತಿರುಗಿ ಬಂದು ಕೆಟ್ಟೈತಿ ಅಂತ ಒಪ್ಪಿಕೊಂಡ.”

“ಸುಳ್ಳು ಹೇಳಿದವರನ್ನ ಅಲ್ಲೇನ ಹಿಡಿಯೂದು? ನಾ ಖರೆ ಹೇಳಾಕತ್ತೇನಿ. ನನಗ್ಯಾಕ ಅಂಜಿಕಿ?”

ಅವಳ ಮಾತಿನಲ್ಲಿ ತಪ್ಪೇನಿತ್ತು ಹೇಳಿ! ಹೊಸ ಕೊಳವೆಬಾವಿಯ ಮೋಟರು ಹಚ್ಚಿಸಿ, ಕೊಳವೆಯಲ್ಲಿ ನಿಂತ ನೀರೆಲ್ಲ ಹರಿದುಹೋಗುವವರೆಗೆ ಕಾದು, ನೀರು ಹಿಡಿದು, ಗುಲಾಬಿ ಬಣ್ಣದ ಔಷಧದ ಹನಿ ಬಿಟ್ಟಳು. ಹಳದಿಗೆ ತಿರುಗಿದರೆ ಕೆಟ್ಟದ್ದು. ನೀರು ಗುಲಾಬಿಯಾಗಿಯೇ ಉಳಿಯಿತು. ಪ್ರಯೋಗಾಲಯಕ್ಕೆ ಮೊದಲೇ ಒಯ್ದಿದ್ದ ನೀರೂ ಪಾಸಾಗಿತ್ತು. ಶೈಲಶ್ರೀ ನಳದ ಕಟ್ಟೆ ಹತ್ತಿ ನಿಂತು, ಬೇಕೆಂದೇ ಗಂಟಲು ದೊಡ್ಡದು ಮಾಡಿ ಕೂಗಿದಳು.

“ನೀರು ಚಲೋ ಐತಿ!”

ಮೋಟರಿನ ಸದ್ದು ಒಮ್ಮೆ ಬಿಕ್ಕಿತು. ನಳದಿಂದ ಹಸಿ ಕೂದಲಿನ ವಾಸನೆ ಭಗ್ಗನೆ ಎದ್ದಿತು. ಬಗ್ಗಿ ಮೂಸುವಷ್ಟರಲ್ಲಿ ಅದು ಮಾಯವಾಗಿತ್ತು. ಅವಳು ಎಲ್ಲರೆದುರು ಒಂದು ಲೋಟ ಗಟಗಟ ಕುಡಿದಳು. ಏನೂ ಆಗಲಿಲ್ಲ. ಜನ ಮುಖ ಮುಖ ನೋಡಿಕೊಂಡರು. ಮೊದಲು ಕಸ್ತೂರಿ ಕೊಡ ತಂದಳು, ಆಮೇಲೆ ಎಲ್ಲರೂ ತಂದರು.

ತಿಕೋಟಾದಲ್ಲಿ ಸ್ಕೂಟಿ ನಿಲ್ಲಿಸಿ ಅವಳು ತನ್ನ ಬಾಟಲಿ ಬಿಚ್ಚಿದಳು. ನೀರು ತುಟಿಗೆ ತಣ್ಣಗೆ ತಾಕಿತು. ನಾಲಿಗೆ ಮುಟ್ಟುವಷ್ಟರಲ್ಲಿ ಒಣಗಿತು. ಉಗುಳಿದರೆ ಬಿಳಿ ಪುಡಿ! ಸವಳು ನೆಲದ ಮೇಲೆ ಬೇಸಿಗೆಯಲ್ಲಿ ಏಳುವಂಥ ಉಪ್ಪಿನ ಪುಡಿ. ಅದರೊಳಗೆ ಉದ್ದನೆಯ ಒಂದು ಕೂದಲು.

ಮನೆಯ ಫಿಲ್ಟರಿನ ನೀರೂ ಅಷ್ಟೇ. ಎಳನೀರೂ ಅಷ್ಟೇ. ಮಜ್ಜಿಗೆ ಬಾಯಲ್ಲೇ ಸುಣ್ಣವಾಯಿತು. ಓಣಿಯ ದವಾಖಾನೆಯಲ್ಲಿ ಸಲೈನು ಹಚ್ಚಿದರು. ಹನಿಗಳು ನಳಿಕೆಯಲ್ಲಿ ಅರ್ಧಕ್ಕೆ ಬಂದು ನಿಂತವು, ಸೂಜಿಯ ಸುತ್ತ ಬಿಳಿ ಹಕ್ಕಳೆ ಕಟ್ಟಿತು. ಡಾಕ್ಟರು ಸೂಜಿ ಬದಲಿಸಿದರು, ಕೈ ಬದಲಿಸಿದರು, ಕೊನೆಗೆ ಸಿಟ್ಟಿಗೆದ್ದು ಬೇರೆ ಕಡೆ ತೋರಿಸಿಕೊಳ್ಳಿ ಅಂದರು. ಕರೆಂಟು ಹೋದ ಸಂಜೆ ಅಡುಗೆಮನೆಯ ಮಬ್ಬಿನಲ್ಲಿ ಅವಳು ಮತ್ತೆ ಲೋಟ ಎತ್ತಿದಳು. ಲೋಟದ ಒಳಗಿನಿಂದ ಮುದುಕಿಯೊಬ್ಬಳ ದನಿ ಮೆಲ್ಲಗೆ ಕೇಳಿತು.

“ಚಲೋ ಐತೇನ?”

ಶೈಲಶ್ರೀಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ಅನ್ಯಾಯ ಅಂದರೆ ಇದು! ನೋಡದೆ ಹೇಳಿ ಹೋದವನ ಪಾಪ, ನೋಡಿ ಹೇಳಿದವಳ ತಲೆಗೆ. “ನಾ ಸುಳ್ಳು ಹೇಳಿಲ್ಲ ಹುಚ್ಚವ್ವಾ! ಆ ನೀರು ಖರೇನ ಚಲೋ ಐತಿ!” ಎಂದು ಲೋಟದ ಮೇಲೆ ಕಿರುಚಿದಳು. ಮರುಕ್ಷಣ ತುಟಿ ಟಪ್ಪೆಂದು ಸೀಳಿತು. ರಕ್ತ ಬರಲಿಲ್ಲ, ಪುಡಿ ಉದುರಿತು.

ಮರುದಿನ ಅವಳು ಗೋಡೆ ಹಿಡಿದು ಹಿಡಿದು ಊರೊಳಗಿನ ಇಬ್ರಾಹಿಂಪುರಕ್ಕೆ ಹೋದಳು. ಅವಳದೇ ಕಚೇರಿಯಿಂದ ನಿವೃತ್ತನಾದ ಯಲಗೂರಪ್ಪನ ಮನೆ ಅಲ್ಲಿ ರೈಲು ಹಳಿಯ ಮಗ್ಗುಲಿಗೆ ಇತ್ತು. ಅವಳ ತುಟಿ ನೋಡಿದ್ದೇ ಅವನು ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದ.

“ನಾನೂ ಹಿಂಗ ಆಗಿದ್ದೆ, ತಂಗಿ. ಅದ ವಸ್ತ್ಯಾಗ, ಅವರೆಲ್ಲರ ಮುಂದ ನಿಂತು ಕೆಟ್ಟೈತಿ ಅಂದೆ. ಗಂಟಲಾ ಬಿಚ್ಚಿತು.”

“ಖರೇನ ಕೆಟ್ಟಿತ್ತೇನ್ರಿ?”

ಹೊರಗೆ ರೈಲು ಬಂತು. ಅವನು ಎದ್ದು ಕಿಟಕಿ ಮುಚ್ಚಿದ.

“ಸಕ್ಕರಿಯಂಥಾ ನೀರು,” ಅಂದ. “ಆಕಿ ಸತ್ತಾಕಿ. ಆಕಿಗೆ ಖರೆ ಯಾವುದು, ಸುಳ್ಳು ಯಾವುದು ತಿಳಿಯಂಗಿಲ್ಲ. ಆ ಮಾತು ಒಂದ ಕೇಳಸ್ತೈತಿ.”

ಕಲ್ಲು ಮುಚ್ಚಿದ ಆ ಕೊಳವೆಬಾವಿ ಶೈಲಶ್ರೀಯ ಕಣ್ಣ ಮುಂದೆ ಬಂತು. ಆಗಲೇ ಅದರ ನೀರು ಕುಡಿದಿದ್ದರೆ ಕಸ್ತೂರಿಯ ಕಾಲು ನೆಟ್ಟಗಿರುತ್ತಿದ್ದವು. ಈ ಮನುಷ್ಯನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಉಗಿಯಲು ಉಗುಳು ಇರಲಿಲ್ಲ.

ತಾನು ಹಾಗೆ ಮಾಡುವುದಿಲ್ಲ ಎಂದುಕೊಂಡೇ ಅವಳು ಆಟೋ ಮಾಡಿಕೊಂಡು ವಸ್ತಿಗೆ ಹೋದಳು. ಜನರಿಗೆ ಇದ್ದದ್ದು ಇದ್ದಂತೆ ತಿಳಿಸಬೇಕು, ಏನಾದರೂ ಆಗಲಿ. ಇಳಿದು ಎರಡು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ನಳದ ಹತ್ತಿರವಿದ್ದ ಹೆಂಗಸರು ಚೀರಿ ಹಿಂದೆ ಸರಿದರು.

“ಹಿಡದೈತಿ! ನೋಡ್ರಿ, ಅಕ್ಕಾರನ್ನ ಹಿಡದೈತಿ!”

ವಸ್ತಿಯ ಹಿರಿಯ ಗೊಲ್ಲಾಳಪ್ಪ ಮುಂದೆ ಬಂದ. “ಅಂದ್ರ ಸುಳ್ಳು ಹೇಳೀರಿ. ನೀರು ಕೆಟ್ಟೈತಿ. ಹೌದಲ್ರಿ?”

ಅಲ್ಲ ಎನ್ನಲು ಅವಳು ಬಾಯಿ ತೆರೆದಳು. ನಾಲಿಗೆ ಏಳಲಿಲ್ಲ. ನಳದಿಂದ ನೀರು ಧೋ ಎಂದು ಸುರಿಯುತ್ತಿತ್ತು. ಆ ಸದ್ದು. ಆ ತಂಪು. ಹಸಿ ಕೂದಲಿನ ವಾಸನೆ. ಮಟಮಟ ಮಧ್ಯಾಹ್ನ ಕಣ್ಣು ಕತ್ತಲಿಟ್ಟಿತು. ಕತ್ತಲಲ್ಲಿ ಯಾರೋ ಎದುರು ಕುಳಿತಿದ್ದರು. ಒಣ ಬೆರಳುಗಳು ತುಟಿ ಸವರಿದವು. ಹಲ್ಲು ದಾಟಿದವು. ಗಂಟಲಿಗಿಳಿದವು. ಉಸಿರು ನಿಂತಿತು. ಕಸ್ತೂರಿ, ಕಸ್ತೂರಿಯ ಕಾಲು, ಎಂದು ಅವಳು ಒಳಗೇ ಅಂದುಕೊಂಡಳು. ಇನ್ನೊಮ್ಮೆ ಅಂದುಕೊಂಡಳು. ಬೆರಳು ಇನ್ನೂ ಕೆಳಗಿಳಿದವು.

“ಕೆಟ್ಟೈತಿ.”

ಅದು ತನ್ನದೇ ದನಿ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಗಂಟಲು ಸಡಿಲಾಯಿತು. ಬಾಯಲ್ಲಿ ಉಗುಳು ಬಂತು. ಅವಳು ತೆವಳಿ ನಳಕ್ಕೆ ಬಾಯಿ ಕೊಟ್ಟಳು. ಕುಡಿದಳು. ಉಸಿರು ಬಿಡದೆ ಕುಡಿದಳು. ಮೂಗಿಗೆ ನುಗ್ಗಿದರೂ ಬಿಡಲಿಲ್ಲ, ಕುಪ್ಪಸವೆಲ್ಲ ತೊಯ್ದರೂ ಬಿಡಲಿಲ್ಲ. ಎಂಥಾ ಸಿಹಿ ನೀರು! ಅವಳು ಕುಡಿಯುತ್ತಿದ್ದಂತೆಯೇ ಗೊಲ್ಲಾಳಪ್ಪ ಹೋಗಿ ಮೋಟರು ಬಂದ್ ಮಾಡಿದ. ಹೆಂಗಸರು ತುಂಬಿದ ಕೊಡಗಳನ್ನು ಅಲ್ಲೇ ಮಣ್ಣಿಗೆ ಸುರಿದರು.

ಬೋರವ್ವ ಬಂದು ಎದುರು ಕುಕ್ಕುರುಗಾಲಲ್ಲಿ ಕುಳಿತಳು. “ಖರೆ ಹೇಳವ್ವಾ. ಈ ನೀರಿಗೆ ನನ್ನ ಹುಡುಗಿ ಕಾಲು ನೆಟ್ಟಗಾದಾವು ಅಂತ ಕುಂತೇನಿ. ಕೆಟ್ಟೈತೇನ?”

ಶೈಲಶ್ರೀ ಅವಳ ಮುಖ ನೋಡಲಿಲ್ಲ. ಇನ್ನೊಮ್ಮೆ ಆ ಬೆರಳು ಗಂಟಲಿಗಿಳಿದರೆ ತಾನು ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ಕೆಟ್ಟೈತಿ ಆಯಿ,” ಅಂದಳು.

ಕಸ್ತೂರಿ ಖಾಲಿ ಕೊಡ ಕಂಕುಳಲ್ಲಿಟ್ಟು ಹೊರಟವಳು ನಿಂತಳು. ಶೈಲಶ್ರೀಯ ಗದ್ದದಿಂದ ತೊಟ್ಟಿಕ್ಕುವ ನೀರನ್ನೇ ನೋಡಿದಳು.

“ಕೆಟ್ಟಿದ್ರ, ನೀವ್ಯಾಕ ಅಷ್ಟ ಕುಡದ್ರಿ ಅಕ್ಕಾರ?”

ಶೈಲಶ್ರೀ ಮುಂಗೈಯಿಂದ ಗದ್ದ ಒರೆಸಿಕೊಂಡಳು. ಹುಡುಗಿ ಮೊಣಕಾಲು ತಿಕ್ಕಿಸುತ್ತ ನಿಧಾನಕ್ಕೆ ಹೋಗಿ, ಹಳೆಯ ಕೈಪಂಪು ಹೊಡೆಯತೊಡಗಿದಳು.